ಓದುಗರ ಪ್ರಶ್ನೆ: ದೇಶ ಬೇರೆಯಾಗುವ ದಿನ ಓಟು ಯಾರದ್ದು?

ಒಂದು ಪ್ರಾಂತ್ಯ ಸ್ವತಂತ್ರ ದೇಶ ಆಗಬೇಕೋ ಬೇಡವೋ ಎಂದು ಜನರನ್ನೇ ಕೇಳುವ ಜನಮತಗಣನೆಯಲ್ಲಿ, ಮತದಾರರ ಪಟ್ಟಿ ಬರೆಯುವಾಗಲೇ ಅರ್ಧ ಫಲಿತಾಂಶ ಬಂದುಬಿಟ್ಟಿರುತ್ತದೆ ಎಂದು ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳು ಉಳಿದ ಇಡೀ ಪುಟಕ್ಕೆ ಬಂದಿಲ್ಲ. ಅರ್ಧ ಪ್ರಶ್ನೆ, ಅರ್ಧ ಬೈಗುಳ. ಬೈಗುಳ ನನ್ನ ಹತ್ತಿರವೇ ಇರಲಿ, ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಆ ನೆಲದಲ್ಲಿ ಹುಟ್ಟಿದವರಿಗೆ ಮಾತ್ರ ಓಟು ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ನಿನ್ನೆ ಮೊನ್ನೆ ಬಂದು ಬಾಡಿಗೆ ಮನೆ ಹಿಡಿದವರು ಒಂದು ನಾಡಿನ ಹಣೆಬರಹ ಬರೆಯುವುದು ನ್ಯಾಯವೇ?

ಉತ್ತರ: ಮೊದಲು ಒಂದು ತಮಾಷೆ ಕೇಳಿ. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನಲ್ಲಿ ಇಂಥದ್ದೇ ಓಟು ನಡೆಯಿತು. ಜೇಮ್ಸ್ ಬಾಂಡ್ ಆಗಿ ಜಗತ್ತಿಗೆಲ್ಲ ಗೊತ್ತಿದ್ದ ಶಾನ್ ಕಾನರಿ ಎಡಿನ್‌ಬರೋದಲ್ಲಿ ಹುಟ್ಟಿದವರು. ಸ್ಕಾಟ್ಲೆಂಡ್ ಬೇರೆಯಾಗಬೇಕು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು. ಅವರಿಗೆ ಓಟಿಲ್ಲ, ಯಾಕೆಂದರೆ ಅವರು ಇದ್ದದ್ದು ಬಹಾಮಾಸ್‌ನಲ್ಲಿ. ಅದೇ ಎಡಿನ್‌ಬರೋದಲ್ಲಿ ಕೆಲಸಕ್ಕೆಂದು ಹೋಗಿ ನೆಲೆಸಿದ್ದ, ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡಿದ್ದ ಒಬ್ಬ ಎಂಜಿನಿಯರ್‌ಗೆ ಓಟಿತ್ತು, ಯಾಕೆಂದರೆ ಕಾಮನ್‌ವೆಲ್ತ್ ದೇಶಗಳವರು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಸಾಕಿತ್ತು. ಪೋಲೆಂಡ್‌ನಿಂದ ಬಂದ ಬಡಗಿಗೂ ಓಟು, ಅದು ಐರೋಪ್ಯ ಒಕ್ಕೂಟದ ಲೆಕ್ಕದಲ್ಲಿ. ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಇಂಗ್ಲೆಂಡಿನಲ್ಲಿ ಸಂಸಾರ ಮಾಡಿಕೊಂಡಿದ್ದ ಲಕ್ಷಾಂತರ ಜನ ಟೀವಿ ಮುಂದೆ ಕೂತು ನೋಡಬೇಕಾಯಿತು.

ನಿಮಗೆ ಇದು ತಲೆಕೆಳಗಾಗಿ ಕಾಣುತ್ತದೆ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಕಾನರಿಯವರಿಗೆ ಓಟು ಕೊಡಬೇಕು ಅಂದರೆ ‘ಸ್ಕಾಟ್’ ಅಂದರೆ ಯಾರು ಎಂದು ಯಾರಾದರೂ ಬರೆದಿಡಬೇಕು. ಸ್ಕಾಟ್ಲೆಂಡಿನ ಪೌರತ್ವ ಎಂಬುದೇ ಇಲ್ಲ, ಎಲ್ಲರೂ ಬ್ರಿಟಿಷ್ ಪೌರರು. ಹಾಗಾದರೆ ಹುಟ್ಟಿದ ಊರು ನೋಡೋಣವೇ? ಅಮ್ಮ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಹೆತ್ತು, ತಿಂಗಳಲ್ಲೇ ಗ್ಲಾಸ್ಗೋಗೆ ಕರೆತಂದ ಮಗು? ಅಜ್ಜಿ ಮಾತ್ರ ಅಲ್ಲಿನವಳಾದ, ಕೆನಡಾದಲ್ಲಿ ಬೆಳೆದ ಮೊಮ್ಮಗ? ಎಲ್ಲಿ ಗೆರೆ ಎಳೆದರೂ ಒಬ್ಬ ಅಧಿಕಾರಿ ಮೇಜಿನ ಹಿಂದೆ ಕೂತು, ‘ನೀನು ನಮ್ಮವನು, ನೀನಲ್ಲ’ ಎಂದು ಹೇಳಬೇಕಾಗುತ್ತದೆ. ಆದ್ದರಿಂದ ಸ್ಕಾಟ್ಲೆಂಡಿನವರು ಸ್ಥಳೀಯ ಚುನಾವಣೆಗೆ ಬಳಸುವ ಪಟ್ಟಿಯನ್ನೇ ತೆಗೆದುಕೊಂಡು, ಜೊತೆಗೆ 16-17 ವರ್ಷದವರನ್ನು ಸೇರಿಸಿ, ಮುಂದೆ ಹೋದರು. ಶೇ. 84.6 ಮತದಾನ ಆಯಿತು. ಶೇ. 55.3 ಜನ ಬೇಡ ಎಂದರು. ಸೋತವರು ತುಂಬ ನೊಂದುಕೊಂಡರು, ಆದರೂ ಪಟ್ಟಿಯೇ ಮೋಸ ಎಂದು ಸ್ವಾತಂತ್ರ್ಯ ಬಯಸಿದ ಪಕ್ಷ ಹೇಳಲಿಲ್ಲ. ಪಟ್ಟಿಯ ನಿಯಮ ಮಾಡಿದ್ದೇ ಅವರ ಸರ್ಕಾರ.

ನನ್ನ ಮಟ್ಟಿಗೆ ವಾಸವೇ ಮೊದಲ ಅಳತೆ. ಮನೆ ಸೋರಿದರೆ ನೆನೆಯುವವರು ಒಳಗಿರುವವರು. ಹೊಸ ದೇಶದ ತೆರಿಗೆ ಕಟ್ಟುವವರು, ಅದರ ಹೊಸ ನಾಣ್ಯ ಬಿದ್ದರೆ ಉಳಿತಾಯ ಕಳೆದುಕೊಳ್ಳುವವರು, ಅದರ ಶಾಲೆಗೆ ಮಕ್ಕಳನ್ನು ಕಳಿಸುವವರು ಅಲ್ಲಿರುವವರೇ. ಬಾಡಿಗೆ ಮನೆಯವರ ಮಕ್ಕಳೂ ಅದೇ ಶಾಲೆಗೆ ಹೋಗುತ್ತಾರೆ. ‘ಅಲೆಮಾರಿ ಜನ, ಇವರಿಗೇನು ಗೊತ್ತು’ ಎನ್ನುವ ಮಾತಿಗೆ ನಮ್ಮ ಉಪಖಂಡದಲ್ಲೇ ಒಂದು ಉದಾಹರಣೆ ಇದೆ. 1947ರ ಜುಲೈನಲ್ಲಿ ಸಿಲ್ಹೆಟ್ ಜಿಲ್ಲೆ ಅಸ್ಸಾಮಿನಲ್ಲಿ ಉಳಿಯಬೇಕೋ ಪಾಕಿಸ್ತಾನದ ಪಾಲಾಗಲಿದ್ದ ಪೂರ್ವ ಬಂಗಾಳ ಸೇರಬೇಕೋ ಎಂದು ಓಟು ನಡೆದಾಗ, ಅಲ್ಲೇ ಬೆವರು ಸುರಿಸುತ್ತಿದ್ದ ಚಹಾ ತೋಟದ ಕೂಲಿಗಳನ್ನು ಹೊರಗಿನವರೆಂದು ಬಿಟ್ಟುಬಿಟ್ಟರು. ಗಡಿ ಮಾತ್ರ ಅವರ ತಲೆಯ ಮೇಲೂ ಹಾದುಹೋಯಿತು.

ಪ್ರಶ್ನೆ: ಇರುವವರಿಗೆಲ್ಲ ಓಟು ಎಂದರೆ, ಆಳುವ ದೊಡ್ಡ ದೇಶ ತನ್ನ ಜನರನ್ನು ತಂದು ತುಂಬಿಸಿ ಸುಲಭವಾಗಿ ಗೆಲ್ಲಬಹುದಲ್ಲ?

ಉತ್ತರ: ಗೆಲ್ಲಬಹುದು. ಆ ಪ್ರಯತ್ನ ನಡೆದೂ ಇದೆ. ಮೇಲೆ ಅಷ್ಟು ಖಡಾಖಂಡಿತವಾಗಿ ಹೇಳಿದ ನಾನು ಸ್ವಲ್ಪ ಹಿಂದೆ ಸರಿಯಬೇಕಾದ ಜಾಗ ಇದು.

ಶಾಂತಸಾಗರದಲ್ಲಿ ನ್ಯೂ ಕ್ಯಾಲೆಡೋನಿಯಾ ಎಂಬ ದ್ವೀಪ ಇದೆ. 1853ರಿಂದ ಫ್ರಾನ್ಸಿನ ಕೈಯಲ್ಲಿದೆ. ಅಲ್ಲಿನ ಮೂಲ ಜನ ಕನಕರು. ನಿಕ್ಕಲ್ ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ, 1972ರಲ್ಲಿ, ಫ್ರಾನ್ಸಿನ ಪ್ರಧಾನಿ ಪಿಯೆರ್ ಮೆಸ್ಮೆರ್ ಒಂದು ಪತ್ರ ಬರೆದರು. ಫ್ರಾನ್ಸಿನಿಂದ ಜನ ಹೋಗಿ ನೆಲೆಸಬೇಕು, ಹೊರಗಿನಿಂದ ಬಂದವರ ಸಂಖ್ಯೆ ಜಾಸ್ತಿಯಾದರೆ ಮಾತ್ರ ಕನಕರ ರಾಷ್ಟ್ರೀಯ ಬೇಡಿಕೆ ತಣ್ಣಗಾಗುತ್ತದೆ ಎಂಬುದು ಅದರ ತಿರುಳು. ಇಂಥ ಮಾತನ್ನು ಸಾಮಾನ್ಯವಾಗಿ ಯಾರೂ ಕಾಗದದ ಮೇಲೆ ಇಡುವುದಿಲ್ಲ, ಇವರು ಇಟ್ಟರು. 1987ರಲ್ಲಿ ಸ್ವಾತಂತ್ರ್ಯದ ಓಟು ನಡೆಯಿತು. ಮೂರು ವರ್ಷ ವಾಸವಿದ್ದರೆ ಸಾಕು ಎಂಬ ನಿಯಮ. ಕನಕರು ಬಹಿಷ್ಕಾರ ಹಾಕಿದರು, ಶೇ. 98 ಓಟು ಫ್ರಾನ್ಸಿನ ಪರ ಬಿತ್ತು. ಆ ಶೇ. 98ರಿಂದ ಏನು ಬಗೆಹರಿಯಿತು? ಮರುವರ್ಷವೇ ನ್ಯೂ ಕ್ಯಾಲೆಡೋನಿಯಾಕ್ಕೇ ಸೇರಿದ ಉವೇಯಾ ಎಂಬ ಸಣ್ಣ ದ್ವೀಪದಲ್ಲಿ ಒತ್ತೆಸೆರೆ, ಗುಂಡು, ಹೆಣಗಳು.

ಆಮೇಲೆ ಬುದ್ಧಿ ಬಂತು. 1998ರ ನೂಮೆಯಾ ಒಪ್ಪಂದದಲ್ಲಿ ಇಬ್ಬರೂ ಕೂತು ಪಟ್ಟಿಯ ಬಗ್ಗೆಯೇ ಚೌಕಾಸಿ ಮಾಡಿದರು. ಒಂದೇ ದ್ವೀಪಕ್ಕೆ ಮೂರು ಮತದಾರರ ಪಟ್ಟಿ! ಫ್ರಾನ್ಸಿನ ಅಧ್ಯಕ್ಷರನ್ನು ಆರಿಸಲು ಒಂದು, ಪ್ರಾಂತ್ಯದ ಚುನಾವಣೆಗೆ ಇನ್ನೊಂದು, ಸ್ವಾತಂತ್ರ್ಯದ ಓಟಿಗೆ ಮತ್ತೊಂದು. ಈ ಕೊನೆಯ ಪಟ್ಟಿಗೆ ಕನಕರು, ಅಲ್ಲಿನ ಹಳೆಯ ನಂಟಿರುವವರು, ಮತ್ತು 2014ರ ಕೊನೆಯ ಹೊತ್ತಿಗೆ ಸತತ 20 ವರ್ಷ ಅಲ್ಲೇ ಇದ್ದವರು. 2018ರಲ್ಲಿ ಶೇ. 56.7 ಜನ ಬೇಡ ಎಂದರು. 2020ರಲ್ಲಿ ಅದು ಶೇ. 53.3ಕ್ಕೆ ಇಳಿಯಿತು. ಎರಡೂ ಸಲ ಎರಡೂ ಕಡೆಯವರು ಬಂದು ಓಟು ಹಾಕಿದರು, ಎರಡೂ ಸಲ ಫಲಿತಾಂಶ ನಿಂತಿತು. 2021ರ ಡಿಸೆಂಬರ್‌ನಲ್ಲಿ ಮೂರನೆಯದು. ಕೋವಿಡ್‌ನಿಂದ ಸತ್ತವರ ಶೋಕ ಇದೆ, ಮುಂದಕ್ಕೆ ಹಾಕಿ ಎಂದು ಕನಕರು ಕೇಳಿಕೊಂಡರು, ಫ್ರಾನ್ಸ್ ಒಪ್ಪಲಿಲ್ಲ. ಅವರು ಮನೆಯಲ್ಲೇ ಉಳಿದರು. ಶೇ. 96.5 ಜನ ಬೇಡ ಎಂದರು, ಬಂದದ್ದು ಶೇ. 44 ಮಂದಿ. ಮತ್ತೆ 1987ರ ಕಥೆ.

ಆದರೆ 20 ವರ್ಷದ ನಿಯಮಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1996ರಲ್ಲಿ ಬಂದ ಒಬ್ಬ ನರ್ಸ್, ಬೇರೆ ಯಾವ ನಂಟೂ ಇಲ್ಲದಿದ್ದರೆ, 2021ರಲ್ಲಿ 25 ವರ್ಷ ಅಲ್ಲೇ ದುಡಿದಿದ್ದರೂ ಓಟಿಲ್ಲದೆ ಉಳಿಯುತ್ತಾಳೆ. ತೆರಿಗೆ ಕಟ್ಟು, ಓಟು ಮಾತ್ರ ಕೇಳಬೇಡ. ಪ್ರಾಂತ್ಯದ ಪಟ್ಟಿಗೆ 10 ವರ್ಷ ವಾಸದ ನಿಯಮ ಇದ್ದಾಗ ಒಬ್ಬರು ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋಗಿದ್ದರು. ಅಲ್ಲಿನ ವಿಶೇಷ ಪರಿಸ್ಥಿತಿಯಲ್ಲಿ ಇದು ಸರಿಯೇ ಎಂದು ನ್ಯಾಯಾಲಯ 2005ರಲ್ಲಿ ಹೇಳಿತು. ಆಮೇಲೆ ಆ ಪಟ್ಟಿಯನ್ನು 1998ಕ್ಕೇ ಬೀಗ ಹಾಕಿ ನಿಲ್ಲಿಸಿದರು. 2024ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಸಂಸತ್ತು ಆ ಬೀಗ ತೆಗೆದು, 10 ವರ್ಷ ವಾಸವಿದ್ದವರನ್ನು ಸೇರಿಸಲು ಹೊರಟಿತು. ದ್ವೀಪ ಹೊತ್ತಿ ಉರಿಯಿತು, ಹತ್ತಕ್ಕೂ ಹೆಚ್ಚು ಜನ ಸತ್ತರು, ತುರ್ತುಸ್ಥಿತಿ ಬಂತು, ಕೊನೆಗೆ ಮಸೂದೆಯನ್ನೇ ಬಿಡಬೇಕಾಯಿತು. ಹತ್ತು ವರ್ಷ ಎನ್ನುವುದು ಅನ್ಯಾಯದ ಸಂಖ್ಯೆ ಏನಲ್ಲ. ಇಬ್ಬರೂ ಕೂತು ಬರೆದ ಪಟ್ಟಿಯನ್ನು ಒಬ್ಬರೇ ತಿದ್ದಲು ಹೋದರು, ಬೆಂಕಿ ಹತ್ತಿದ್ದು ಅಲ್ಲಿ.

ಪ್ರಶ್ನೆ: ಹೊರದೇಶದಲ್ಲಿರುವ ಮಕ್ಕಳು ತವರಿಗೆ ಹಣ ಕಳಿಸುತ್ತಾರೆ, ಮುಪ್ಪಿಗೆ ಅಲ್ಲಿಗೇ ಮರಳುತ್ತಾರೆ. ಅವರನ್ನು ಬಿಡುವುದು ಹೇಗೆ?

ಉತ್ತರ: ಹೋದವರು ಬೇರೆ, ಓಡಿಸಲ್ಪಟ್ಟವರು ಬೇರೆ. ಕೆಲಸಕ್ಕೋ ಓದಿಗೋ ತಾವಾಗಿ ಹೋಗಿ ಅಲ್ಲೇ ಬೇರು ಬಿಟ್ಟವರಿಗೆ ನಾನು ಓಟು ಕೊಡುವುದಿಲ್ಲ. ಎರಡು ವರ್ಷದ ಕೆಳಗೆ ಹೋದವರಿಗೆ ಬೇಕಾದರೆ ಕೊಡಿ, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸ್ವಾತಂತ್ರ್ಯದ ಓಟಿನಲ್ಲಿ 1995ರಲ್ಲಿ ಹಾಗೆ ಒಂದು ಅವಕಾಶ ಇತ್ತು. ಆದರೆ ಗುಂಡಿಗೆ ಹೆದರಿ ಗಡಿ ದಾಟಿದವನಿಗೆ ‘ನೀನು ಇಲ್ಲಿ ವಾಸವಿಲ್ಲ’ ಎನ್ನುವುದು ಅಣಕ. ಓಡಿಸಿದವನೇ ಅದರಿಂದ ಗೆಲ್ಲುತ್ತಾನೆ.

ಪೂರ್ವ ಟಿಮೋರ್‌ನಲ್ಲಿ 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆ ನಡೆಸಿದ ಓಟಿನ ನಿಯಮ ನನಗೆ ತುಂಬ ಇಷ್ಟ. 17 ತುಂಬಿರಬೇಕು. ಅಲ್ಲಿ ಹುಟ್ಟಿದವರು, ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿದವರು, ಇಲ್ಲವೇ ಇಂಥವರ ಗಂಡ ಅಥವಾ ಹೆಂಡತಿ. ಅಷ್ಟೇ. ಇಂಡೊನೇಷ್ಯಾದ ಬೇರೆ ದ್ವೀಪಗಳಿಂದ ಬಂದು ನೆಲೆಸಿದವರು ಈ ಮೂರರಲ್ಲಿ ಯಾವುದಕ್ಕೂ ಸೇರದಿದ್ದರೆ ಹೊರಗೆ. ಆಸ್ಟ್ರೇಲಿಯಾಕ್ಕೋ ಪೋರ್ಚುಗಲ್ಲಿಗೋ ತಪ್ಪಿಸಿಕೊಂಡು ಹೋದವರು ಒಳಗೆ, ಅವರಿದ್ದ ಕಡೆಯೇ ಮತಗಟ್ಟೆ. ಶೇ. 98ಕ್ಕೂ ಹೆಚ್ಚು ಜನ ಓಟು ಹಾಕಿದರು, ಶೇ. 78.5 ಮಂದಿ ಇಂಡೊನೇಷ್ಯಾ ಒಳಗಿನ ಸ್ವಾಯತ್ತತೆ ಬೇಡ, ಅಂದರೆ ಸ್ವಾತಂತ್ರ್ಯವೇ ಬೇಕು ಎಂದರು. ಹುಟ್ಟಿನ ನಿಯಮ ಎಂದು ನಾನು ಮೇಲೆ ಬೈದದ್ದು ಇದನ್ನೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಅದೇ. ಆದರೆ ಅಲ್ಲಿ ಇಂಡೊನೇಷ್ಯಾದ ಕಾಲು ಶತಮಾನದ ಸೇನಾ ಆಳ್ವಿಕೆ ‘ವಾಸ’ ಎನ್ನುವ ಅಳತೆಯನ್ನೇ ಕೆಡಿಸಿತ್ತು. ಗಂಡ-ಹೆಂಡತಿ ಎಂಬ ಮೂರನೇ ಬಾಗಿಲು ಇಟ್ಟಿದ್ದರಿಂದ ಅದು ಬರೀ ರಕ್ತದ ಲೆಕ್ಕ ಆಗಲಿಲ್ಲ. 

ದಕ್ಷಿಣ ಸುಡಾನ್‌ನ 2011ರ ಓಟಿನಲ್ಲೂ ಬೇರೆ ದೇಶಗಳಲ್ಲಿದ್ದವರಿಗೆ ಅವಕಾಶ ಇತ್ತು. ಅಲ್ಲಿ ಬೇರು ಹುಡುಕುತ್ತ 1956ರ ಜನವರಿ 1ರವರೆಗೆ ಹೋದರು, ಅದು ಸುಡಾನ್ ಸ್ವತಂತ್ರವಾದ ದಿನ. ಇದಕ್ಕೆ ತದ್ವಿರುದ್ಧ, ಸರ್ಬಿಯಾದ ಜೊತೆ ಒಂದೇ ದೇಶವಾಗಿದ್ದ ಮಾಂಟೆನೆಗ್ರೊ. 2006ರಲ್ಲಿ ಸರ್ಬಿಯಾದಲ್ಲಿ ನೆಲೆಸಿದ್ದ ಮಾಂಟೆನೆಗ್ರೊ ಜನರಿಗೂ ಓಟು ಬೇಕು ಎಂದು ಸರ್ಬಿಯಾ ಕೇಳಿತು, ಸಿಗಲಿಲ್ಲ. ಗೆಲ್ಲಲು ಶೇ. 55 ಬೇಕಿತ್ತು, ಬಂದದ್ದು ಶೇ. 55.5. ಗೆರೆ ದಾಟಿದ್ದು ಎರಡು ಸಾವಿರ ಚಿಲ್ಲರೆ ಓಟಿನಿಂದ. ಪಟ್ಟಿಯ ಒಂದು ಸಾಲು ಬೇರೆ ಇದ್ದಿದ್ದರೆ ಇವತ್ತಿನ ಭೂಪಟವೇ ಬೇರೆ ಇರುತ್ತಿತ್ತು.

ಪ್ರಶ್ನೆ: ಪಟ್ಟಿ ಒಪ್ಪಿಗೆಯಾಗದೇ ಹೋದರೆ?

ಉತ್ತರ: ಓಟೇ ನಡೆಯುವುದಿಲ್ಲ. ಪಶ್ಚಿಮ ಸಹಾರಾದಲ್ಲಿ 1991ರಲ್ಲಿ ಕದನವಿರಾಮವಾಗಿ, ಜನಮತಗಣನೆ ನಡೆಸಲೆಂದೇ ವಿಶ್ವಸಂಸ್ಥೆಯ ತಂಡ ಹೋಯಿತು. ಸ್ಪೇನ್ 1974ರಲ್ಲಿ ಮಾಡಿದ ಜನಗಣತಿಯಲ್ಲಿ ಸುಮಾರು 74 ಸಾವಿರ ಜನರಿದ್ದರು, ಅದನ್ನೇ ಆಧಾರ ಮಾಡಿ ಎಂದು ಸ್ವಾತಂತ್ರ್ಯಕ್ಕೆ ಹೋರಾಡುವ ಪೊಲಿಸಾರಿಯೊ ಸಂಘಟನೆ. ಅಲೆಮಾರಿ ಬುಡಕಟ್ಟಿನವರು ಬಹಳ ಮಂದಿ ಬಿಟ್ಟುಹೋಗಿದ್ದಾರೆ, ಅವರನ್ನು ಸೇರಿಸಿ ಎಂದು ಆ ನೆಲ ತನ್ನದೆನ್ನುವ ಮೊರಾಕ್ಕೊ. ಹಿರಿಯರನ್ನು ಕೂರಿಸಿಕೊಂಡು ಒಬ್ಬೊಬ್ಬರನ್ನೇ ‘ನಿನ್ನ ತಂದೆ ಯಾರು, ಯಾವ ಪಂಗಡ’ ಎಂದು ವರ್ಷಗಟ್ಟಲೆ ವಿಚಾರಿಸಿ ಸುಮಾರು 86 ಸಾವಿರ ಹೆಸರು ಬರೆದರು. ಅದಕ್ಕೆ ಬಂದ ಮೇಲ್ಮನವಿಗಳು ಒಂದು ಲಕ್ಷ ಮೂವತ್ತು ಸಾವಿರ ದಾಟಿದವು. ಅಲ್ಲಿಗೆ ನಿಂತಿತು. ತಂಡದ ಹೆಸರಿನಲ್ಲಿ ಜನಮತಗಣನೆ ಎಂಬ ಪದ ಮಾತ್ರ ಇನ್ನೂ ಹಾಗೇ ಇದೆ.

ಪ್ರಶ್ನೆ: ಒಡೆಯುವುದು ಇಡೀ ದೇಶ. ಹಾಗಿದ್ದ ಮೇಲೆ ಇಡೀ ದೇಶ ಓಟು ಹಾಕಬೇಕಲ್ಲವೇ?

ಉತ್ತರ: ಸ್ಪೇನ್ ಹೇಳುವುದು ಇದನ್ನೇ. ಅಲ್ಲಿನ 1978ರ ಸಂವಿಧಾನದ ಪ್ರಕಾರ ಸಾರ್ವಭೌಮತ್ವ ಇಡೀ ಸ್ಪೇನಿನ ಜನರದ್ದು, ಬೇರೆಯಾಗಲು ಬಯಸುವ ಕೆಟಲೋನಿಯಾ ಪ್ರಾಂತ್ಯ ಒಂದರದ್ದಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನೂರರಲ್ಲಿ ಎಂಬತ್ತು ಜನ ಹೊರಗಿದ್ದು ಇಪ್ಪತ್ತು ಜನರ ಮೇಲೆ ಓಟು ಹಾಕಿದರೆ, ಆ ಇಪ್ಪತ್ತು ಜನ ಎಂದಾದರೂ ಗೆಲ್ಲುವುದುಂಟಾ? ಬಿಟ್ಟುಹೋಗಬೇಕೆನ್ನುವವರ ಬಾಗಿಲಿನ ಕೀಲಿಯನ್ನು ಉಳಿದವರ ಜೇಬಿನಲ್ಲಿಟ್ಟ ಹಾಗೆ.

ಹಾಗಂತ ಉಳಿದವರಿಗೆ ಮಾತಾಡುವ ಹಕ್ಕೇ ಇಲ್ಲ ಎಂದೂ ಅಲ್ಲ. ಸಾಲ ಹೇಗೆ ಹಂಚಿಕೊಳ್ಳಬೇಕು, ಗಡಿ ಎಲ್ಲಿ, ಸೇನೆಯ ನೆಲೆ ಯಾರದು ಎಂಬುದರಲ್ಲಿ ಅವರೂ ಪಾಲುದಾರರು. ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದ್ದು ನನಗೆ ಹಿಡಿಸುತ್ತದೆ: ಕ್ವಿಬೆಕ್ ತಾನೇ ತಾನಾಗಿ ಹೊರಟುಹೋಗುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದ ಕೆನಡಾ ಮಾತುಕತೆಗೆ ಕೂರಲೇಬೇಕು. ಫ್ರಾನ್ಸ್ ತಾನು ಆಳುತ್ತಿದ್ದ ಅಲ್ಜೀರಿಯಾ ವಿಷಯದಲ್ಲಿ ಉಳಿದವರನ್ನೂ ಕೇಳಿತು, ಅಲ್ಲಿನವರನ್ನೂ ಕೇಳಿತು. 1962ರ ಏಪ್ರಿಲ್‌ನಲ್ಲಿ ಯುದ್ಧ ನಿಲ್ಲಿಸಿ ಸ್ವಾತಂತ್ರ್ಯಕ್ಕೆ ದಾರಿ ಮಾಡಿದ ಒಪ್ಪಂದದ ಬಗ್ಗೆ ಫ್ರಾನ್ಸಿನ ನೆಲದಲ್ಲಿದ್ದವರು ಮಾತ್ರ ಓಟು ಹಾಕಿದರು, ಜುಲೈ 1ರಂದು ಸ್ವಾತಂತ್ರ್ಯದ ಬಗ್ಗೆ ಅಲ್ಜೀರಿಯಾದವರು. ತಮ್ಮ ಮನೆ ಮಠದ ವಿಷಯವೇ ಆಗಿದ್ದರೂ ಅಲ್ಲಿ ನೆಲೆಸಿದ್ದ ಯುರೋಪಿಯನ್ನರಿಗೆ ಏಪ್ರಿಲ್‌ನಲ್ಲಿ ಓಟಿರಲಿಲ್ಲ.

ಪ್ರಶ್ನೆ: 16 ವರ್ಷದ ಹುಡುಗರಿಗೆ ಇಂಥ ದೊಡ್ಡ ತೀರ್ಮಾನ ಕೊಡಬಹುದೇ?

ಉತ್ತರ: ಕೊಡಬಹುದು. ಅದರ ಜೊತೆ ಅತಿ ಹೆಚ್ಚು ವರ್ಷ ಬದುಕುವವರು ಅವರೇ. ಚಿಕ್ಕವರಿಗೆ ಬುದ್ಧಿ ಸಾಲದು ಎನ್ನುವ ಮಾತನ್ನು ಹಿಂದೆ ಹೆಂಗಸರ ಬಗ್ಗೆಯೂ ಹೇಳುತ್ತಿದ್ದರು. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾಗಲು ಓಟು ಹಾಕಿದಾಗ ಗಂಡಸರಿಗೆ ಮಾತ್ರ ಹಕ್ಕು. 3,68,208 ಮಂದಿ ಹೌದು ಎಂದರು, ಬೇಡ ಎಂದವರು 184. ಹೆಂಗಸರು ಸುಮ್ನೆ ಕೂರಲಿಲ್ಲ, ತಾವೇ ಮನೆ ಮನೆ ಸುತ್ತಿ ಎರಡು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿ ಸಂಸತ್ತಿಗೆ ಕೊಟ್ಟರು. ಲೆಕ್ಕಕ್ಕೆ ಹಿಡಿಯಲಿಲ್ಲ ಬಿಡಿ.

ಪ್ರಶ್ನೆ: ಓಟು ಹಾಕಿದವರೆಲ್ಲ ಹೊಸ ದೇಶದ ಪೌರರಾಗುತ್ತಾರಾ?

ಉತ್ತರ: ಬಂದ ಪತ್ರಗಳಲ್ಲಿ ಒಳ್ಳೆಯ ಪ್ರಶ್ನೆ ಇದು. ಆಗಬೇಕು, ಆದರೆ ಆಗಿಲ್ಲ.

1991ರ ಮಾರ್ಚ್ 3ರಂದು ಎಸ್ಟೋನಿಯಾ ಮತ್ತು ಲಾಟ್ವಿಯಾ ಸೋವಿಯತ್ ಒಕ್ಕೂಟದಿಂದ ಹೊರಬರುವ ಬಗ್ಗೆ ಓಟು ಹಾಕಿದವು. ಅಲ್ಲಿ ಕಾಯಂ ವಾಸವಿದ್ದ ಎಲ್ಲರಿಗೂ ಹಕ್ಕಿತ್ತು, ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ್ದ ರಷ್ಯನ್ನರಿಗೂ. ಎರಡೂ ಕಡೆ ನಾಲ್ಕರಲ್ಲಿ ಮೂರು ಪಾಲು ಓಟು ಸ್ವಾತಂತ್ರ್ಯದ ಪರ ಬಿತ್ತು, ಅದರಲ್ಲಿ ರಷ್ಯನ್ನರ ಓಟೂ ಸಾಕಷ್ಟಿತ್ತು. ಸ್ವಾತಂತ್ರ್ಯ ಬಂತು. ಬಂದ ಮೇಲೆ ಎರಡೂ ದೇಶಗಳು, 1940ಕ್ಕೆ ಮೊದಲು ಪೌರರಾಗಿದ್ದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಮಾತ್ರ ತಾವಾಗಿಯೇ ಪೌರರು ಎಂದುಬಿಟ್ಟವು. ಉಳಿದವರು ಅರ್ಜಿ ಹಾಕಿ, ಭಾಷೆ ಕಲಿತು ಪರೀಕ್ಷೆ ಕೊಡಬೇಕು. ಲಾಟ್ವಿಯಾ ಒಂದರಲ್ಲೇ ಏಳು ಲಕ್ಷದಷ್ಟು ಜನ ಯಾವ ದೇಶದವರೂ ಅಲ್ಲದೆ ಉಳಿದರು. ಎಸ್ಟೋನಿಯಾದಲ್ಲಿ ಇಂಥವರಿಗೆ ಬೂದು ಬಣ್ಣದ ಪಾಸ್‌ಪೋರ್ಟ್. 1992ರ ಜೂನ್‌ನಲ್ಲಿ ಎಸ್ಟೋನಿಯಾ ಹೊಸ ಸಂವಿಧಾನಕ್ಕೆ ಓಟು ಕೇಳಿದಾಗ, ಪೌರತ್ವಕ್ಕೆ ಅರ್ಜಿ ಹಾಕಿದವರಿಗೂ ಮೊದಲ ಚುನಾವಣೆಯಲ್ಲಿ ಮತ ಹಾಕಲು ಬಿಡೋಣವೇ ಎಂಬ ಇನ್ನೊಂದು ಪ್ರಶ್ನೆಯೂ ಇತ್ತು. ಉತ್ತರ ಕೊಟ್ಟವರು ಪೌರರು ಮಾತ್ರ. ಬೇಡ ಎಂದರು.

ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಬಾಲ್ಟಿಕ್ ದೇಶಗಳ ಜನರಿಗೆ ಅವರದೇ ನೋವಿದೆ, ಅದು ಸಣ್ಣದಲ್ಲ. 1940ರಲ್ಲಿ ಸೋವಿಯತ್ ಒಕ್ಕೂಟ ಅವರ ದೇಶವನ್ನೇ ನುಂಗಿತ್ತು, ಸಾವಿರಾರು ಜನರನ್ನು ಸೈಬೀರಿಯಾಕ್ಕೆ ಸಾಗಿಸಲಾಗಿತ್ತು, ಆ ಜಾಗಕ್ಕೆ ಬೇರೆಯವರು ಬಂದಿದ್ದರು. ನಾವು ಹೊಸ ದೇಶ ಕಟ್ಟುತ್ತಿಲ್ಲ, ಹಳೆಯದನ್ನೇ ಮತ್ತೆ ತೆರೆಯುತ್ತಿದ್ದೇವೆ ಎನ್ನುವುದು ಅವರ ವಾದ. ಒಪ್ಪೋಣ. ಹಾಗಿದ್ದರೆ ಮಾರ್ಚ್‌ನಲ್ಲೇ ಹಳೆಯ ಪೌರರಿಗೆ ಮಾತ್ರ ಓಟು ಎನ್ನಬೇಕಿತ್ತು. ಓಟಿಗೆ ಬೇಕಾದವನು ಪಾಸ್‌ಪೋರ್ಟಿಗೆ ಬೇಡವಾಗಬಾರದು. ಲಿಥುವೇನಿಯಾದಲ್ಲಿ ವಲಸಿಗರು ಕಡಿಮೆ ಇದ್ದರು, ಅವರಿಗೆ ಈ ತಲೆನೋವೂ ಕಡಿಮೆ: 1989ರಲ್ಲೇ, ಇಲ್ಲಿ ಇರುವವರು ಬೇಕಾದರೆ ನಮ್ಮ ಪೌರರಾಗಬಹುದು ಎಂದು ಕಾನೂನು ಮಾಡಿ ಮುಗಿಸಿದ್ದರು. ಪಟ್ಟಿ ಪ್ರಕಟವಾಗುವ ದಿನವೇ, ಇದರಲ್ಲಿ ಹೆಸರಿರುವ ಎಲ್ಲರಿಗೂ ಪೌರತ್ವ ಕೇಳುವ ಹಕ್ಕಿದೆ ಎಂದು ಕೆಳಗೆ ಒಂದು ಸಾಲು ಬರೆದುಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಓಟು ಕೊಡುವ ಮೊದಲು ಎಲ್ಲರೂ ಎರಡು ಸಲ ಯೋಚನೆಯನ್ನೂ ಮಾಡುತ್ತಾರೆ.

ಪ್ರಶ್ನೆ: ಓಟೇ ಹಾಕದವರನ್ನು ಯಾವ ಕಡೆಗೆ ಲೆಕ್ಕ ಹಿಡಿಯಬೇಕು?

ಉತ್ತರ: ಯಾವ ಕಡೆಗೂ ಬೇಡ. ಸ್ಕಾಟ್ಲೆಂಡಿನಲ್ಲೇ ಒಮ್ಮೆ ಹಿಡಿದು ನೋಡಿದ್ದರು. 1979ರ ಮಾರ್ಚ್ 1ರ ಓಟು ಅದು. ಸ್ವಾತಂತ್ರ್ಯಕ್ಕಲ್ಲ, ತಮ್ಮದೇ ಒಂದು ವಿಧಾನಸಭೆ ಬೇಕೋ ಬೇಡವೋ ಎಂಬುದಕ್ಕೆ. ಹೌದು ಎನ್ನುವವರು ಪಟ್ಟಿಯಲ್ಲಿರುವ ಒಟ್ಟು ಹೆಸರಿನ ಶೇ. 40 ಆಗಬೇಕು ಎಂದು ನಿಯಮ ಹಾಕಿದರು. ಅಂದರೆ ಮನೆಯಲ್ಲಿ ಮಲಗಿದವನೂ ಬೇಡ ಎಂದ ಹಾಗೆಯೇ. ಪಟ್ಟಿಯಲ್ಲಿ ಹೆಸರು ಉಳಿದಿದ್ದ ಸತ್ತವರನ್ನು, ಎರಡೂರಲ್ಲಿ ಹೆಸರಿದ್ದ ವಿದ್ಯಾರ್ಥಿಗಳನ್ನು ಅಂದಾಜಿನ ಮೇಲೆ ಕಳೆಯಬೇಕಾಯಿತು. ಓಟು ಹಾಕಿದವರಲ್ಲಿ ಶೇ. 51.6 ಜನ ಹೌದು ಎಂದಿದ್ದರು, ಪಟ್ಟಿಯ ಲೆಕ್ಕದಲ್ಲಿ ಅದು ಶೇ. 32.9 ಆಯಿತು, ಸಭೆ ಬರಲಿಲ್ಲ. 1997ರಲ್ಲಿ ಮತ್ತೆ ಕೇಳಿದಾಗ ಆ ನಿಯಮ ಇರಲಿಲ್ಲ. ಬಂದವರು ಶೇ. 60.4, ಅವರಲ್ಲಿ ಹೌದು ಎಂದವರು ಶೇ. 74.3. ಗುಣಿಸಿ ನೋಡಿ, ಆ ಸಲ ನಿಯಮ ಇದ್ದಿದ್ದರೂ ದಾಟುತ್ತಿತ್ತು.